ಮಂಡಿ ಲಿಗಮೆಂಟ್ ಪೂರ್ತಿ ಹರಿದಿದೆ ಅಂತ ರಿಪೋರ್ಟ್ ಬಂದಿದೆ, ಮಗಳು ಕಬಡ್ಡಿ ಆಟಗಾರ್ತಿ. ಆಪರೇಷನ್ ಮಾಡಿಸಲೇಬೇಕಾ?

ಕಲ್ಪತರು ನಾಡಿನವ
ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯವನು. ಮಗಳು ಮೊದಲ ಪಿಯುಸಿ, ಕಬಡ್ಡಿಯಲ್ಲಿ ರೈಡರ್. ಜಿಲ್ಲಾ ಮಟ್ಟದ ಪಂದ್ಯದಲ್ಲಿ ರೈಡ್ ಮುಗಿಸಿ ಮಧ್ಯದ ಗೆರೆ ಕಡೆ ತಿರುಗುವಾಗ ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಯಾರೂ ಅವಳನ್ನ ಮುಟ್ಟಿರಲೂ ಇಲ್ಲ. ಒಳಗೆ 'ಟಕ್' ಅಂತು ಅಂತಾಳೆ. ಕೋಚ್ ಸ್ಪ್ರೇ ಹೊಡೆದು ಮತ್ತೆ ಇಳಿಸಿದ್ದಾರೆ, ಎರಡನೇ ರೈಡಿಗೆ ಕುಸಿದು ಕೂತಿದ್ದಾಳೆ. ಸಂಜೆಯೊಳಗೆ ಮಂಡಿ ಊದಿ ಚಿಪ್ಪೇ ಕಾಣದ ಹಾಗಾಗಿತ್ತು.

ಎಂಆರ್‌ಐ ಮಾಡಿಸಿದ್ವಿ. ಎಸಿಎಲ್ ಅನ್ನೋ ಲಿಗಮೆಂಟ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್‌ನಲ್ಲಿ (ಮಂಡಿ ಮೂಳೆಗಳ ನಡುವಿನ ಮೆತ್ತೆ) ಸಣ್ಣ ಸೀಳು. ಒಬ್ಬ ಡಾಕ್ಟರು ಬೇಗ ಆಪರೇಷನ್ ಮಾಡಿಸಿ ಅಂದ್ರು. ಇನ್ನೊಬ್ಬರು ಮೊದಲು ಫಿಸಿಯೋ ಮಾಡಿಸಿ ನೋಡೋಣ ಅಂದ್ರು. ಈಗ ಊತ ಇಳಿದಿದೆ, ನೋವಿಲ್ಲ, ಆರಾಮಾಗಿ ನಡೀತಾಳೆ. ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೊಮ್ಮೆ ಮಂಡಿ ಜಾರಿದ ಹಾಗೆ ಆಗುತ್ತಂತೆ. ಮುಂದಿನ ತಿಂಗಳು ವಿಭಾಗ ಮಟ್ಟದ ಆಯ್ಕೆ ಇದೆ, ಬೆಲ್ಟ್ ಹಾಕ್ಕೊಂಡು ಆಡ್ತೀನಿ ಅಂತ ಹಠ. ನಮ್ಮ ತಾಯಿ ಬೇರೆ ಉಳುಕು ತೆಗೆಸ್ಕೊಂಡು ಬನ್ನಿ, ಸರಿಹೋಗುತ್ತೆ ಅಂತಿದ್ದಾರೆ. ತಿಳಿದವರು ಹೇಳಿ, ಮನೇಲಿ ಎಲ್ಲರಿಗೂ ತಲೆ ಕೆಟ್ಟುಹೋಗಿದೆ.

ಮದ್ದೂರು ಹೈದ
ಸಾ, ಆಪರೇಷನ್ ವಿಷ್ಯ ಆಮೇಲೆ. ಮುಂದಿನ ತಿಂಗ್ಳು ಮಾತ್ರ ಆಡುಸ್ಬೇಡಿ. ಲಿಗಮೆಂಟ್ ಇಲ್ದಿರೋ ಮಂಡಿಗೆ ಬೆಲ್ಟ್ ಹಾಕೋದು ಅಂದ್ರೆ ಕೀಲು ಕಿತ್ತೋಗಿರೋ ಬಾಗ್ಲಿಗೆ ಪರದೆ ಕಟ್ದಂಗೆ. ನಮ್ ಟೀಮಲ್ಲಿ ಒಬ್ಬ ಲೆಫ್ಟ್ ಕಾರ್ನರ್ ಹಂಗೇ ಆಡ್ದ. ಎಸಿಎಲ್ ಜೊತೆಗೆ ಮೆನಿಸ್ಕಸ್ಸೂ ಹೋಯ್ತು. ಈಗ ಗದ್ದೆ ಬದುವಿನ ಮೇಲೆ ನಡೆಯೋಕೂ ಕೋಲು ಹಿಡೀತಾನೆ.

ಗಡಿನಾಡು ಗೆಳತಿ
ಹೌದು. ಆಯ್ಕೆ ಮುಂದಿನ ವರ್ಷವೂ ಬರುತ್ತೆ.

ಹುಬ್ಬಳ್ಳಿ ಫಿಸಿಯೋ
ತಿಪಟೂರು ಸರ್, ನಾ ಹುಬ್ಬಳ್ಳ್ಯಾಗ ಫಿಸಿಯೋಥೆರಪಿಸ್ಟ್ ಇದೀನ್ರಿ. ಇಂಥಾ ಮೊಳಕಾಲು ದಿನಾ ನೋಡ್ತೀವಿ. ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಎಲುಬಿಗೂ ಎಲುಬಿಗೂ ಕಟ್ಟಿರೋ ಹುರಿ ಅಂದ್ರ ಲಿಗಮೆಂಟ್. ಎಸಿಎಲ್ ಅನ್ನೋದು ಮೊಳಕಾಲಿನ ನಟ್ಟನಡುವ ತೊಡೆ ಎಲುಬಿನಿಂದ ಕೆಳಗಿನ ಎಲುಬಿಗೆ ಓರೆಯಾಗಿ ಹೋಗ್ತದ. ಕೆಳಗಿನ ಎಲುಬು ಮುಂದ ಜಾರಬಾರದು, ಓಡುವಾಗ ತಿರುವಿದ್ರ ತಿರುಚಬಾರದು, ಅದ ಅದರ ಕೆಲಸ. ಯಾರೂ ಮುಟ್ಟದ ತಿರುಗುವಾಗ ಹರೀತು ಅಂದ್ರಲ್ಲ, ಎಸಿಎಲ್ ಹೆಚ್ಚಾಗಿ ಹರಿಯೋದು ಹಂಗ. 'ಟಕ್' ಸಪ್ಪಳ, ಅದೇ ಸಂಜಿ ಬಾವು, ಎರಡೂ ಸೇರಿದ್ರ ಕೀಲಿನ ಒಳಗ ರಕ್ತ ಇಳಿದದ ಅಂತ ನಾವು ಮೊದಲು ಸಂಶಯ ಪಡ್ತೀವಿ. ಅಂಥಾ ಹುಡುಗೀನ ಮತ್ತ ಮ್ಯಾಟಿಗೆ ಇಳಿಸಿದ್ದು ಭಾಳ ತಪ್ಪಾತು.

ಈಗ ನೋವಿಲ್ಲ ಅಂದ್ರ ಹುರಿ ಕೂಡೇದ ಅಂತಲ್ಲ. ಮೊಳಕಾಲಿನ ಒಳಬದಿ ಎಂಸಿಎಲ್ ಅಂತ ಇನ್ನೊಂದು ಲಿಗಮೆಂಟ್ ಇರ್ತದ, ಅದು ಹರಿದ್ರೂ ಬ್ರೇಸ್ ಹಾಕಿ ಬಿಟ್ರ ಹೆಚ್ಚಿನ ಮಂದಿಗೆ ತಾನ ಕೂಡ್ತದ. ಎಸಿಎಲ್ ಹಂಗಲ್ಲ. ಅದು ಕೀಲಿನ ನೀರಿನ್ಯಾಗ ಇರ್ತದ, ಹರಿದ ತುದಿಗಳ ನಡುವ ರಕ್ತ ಹೆಪ್ಪುಗಟ್ಟಿ ನಿಲ್ಲೂದಿಲ್ಲ, ಹಿಂಗಾಗಿ ಪೂರ್ತಿ ಹರಿದದ್ದು ಮೊದಲಿನಂಗ ಕೂಡೋದು ಕಡಿಮಿ. ಮೆಟ್ಟಿಲು ಇಳಿಯುವಾಗ ಜಾರಿದಂಗ ಆಗೋದು ಅದಕ್ಕ. ಹಂಗ ಜಾರಿದಾಗೆಲ್ಲಾ ಮೆನಿಸ್ಕಸ್ ನಡುವ ಸಿಕ್ಕು ಸೀಳು ದೊಡ್ಡದಾಗೋ ಸಾಧ್ಯತೆ ಅದ. ನಂಗ ಎಸಿಎಲ್‌ಗಿಂತ ಆ ಸಣ್ಣ ಸೀಳಿನ ಚಿಂತಿ ಜಾಸ್ತಿ.

ಎರಡು ಪ್ರಶ್ನೆ: ಮೊಳಕಾಲು ಪೂರ್ತಿ ನೆಟ್ಟಗ ಆಗ್ತದೇನು? ಮಡಚಿದಾಗ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು ನಿಂತುಬಿಡ್ತದೇನು?

ಕಲ್ಪತರು ನಾಡಿನವ
ತುಂಬಾ ಥ್ಯಾಂಕ್ಸ್ ಸರ್. ಸಿಕ್ಕಿಹಾಕಿಕೊಳ್ಳಲ್ಲ. ಆದ್ರೆ ಮಲಗಿದಾಗ ಇನ್ನೊಂದು ಕಾಲಿನಷ್ಟು ನೆಟ್ಟಗೆ ಆಗ್ತಿಲ್ಲ. ಮಂಡಿ ಕೆಳಗೆ ನನ್ನ ಎರಡು ಬೆರಳು ತೂರುತ್ತೆ.

ಹುಬ್ಬಳ್ಳಿ ಫಿಸಿಯೋ
ಮೊದಲು ಅದನ್ನ ಸರಿ ಮಾಡ್ಬೇಕ್ರಿ. ಹಿಮ್ಮಡಿ ಕೆಳಗ ಟವೆಲ್ ಸುತ್ತಿ ಇಟ್ಟು, ಮೊಳಕಾಲು ಗಾಳ್ಯಾಗ ಬಿಟ್ಟು, ತನ್ನ ಭಾರಕ್ಕ ತಾನ ಇಳೀಲಿಕ್ಕೆ ಬಿಡ್ಬೇಕು. ತೊಡಿ ಮುಂದಿನ ಸ್ನಾಯು ಬಿಗಿ ಮಾಡಿ ಹಿಡಿಯೋದು, ದಿನಕ್ಕ ಹಲವು ಸಲ. ಕಾಲು ನೆಟ್ಟಗಾಗದ, ಬಾವು ಪೂರ್ತಿ ಇಳೀದ ಇದ್ದಾಗ ಆಪರೇಷನ್ ಮಾಡಿದ್ರ ಆಮ್ಯಾಲೆ ಕೀಲು ಬಿಗಿಯಾಗಿ ಕೂರೋ ಅಪಾಯ ಅದ. ಹಿಂಗಾಗಿ ಆಪರೇಷನ್ ಆಗಲಿ ಬಿಡಲಿ, ಫಿಸಿಯೋ ಈಗಿಂದನ ಶುರು. ಆದ್ರ ಕಾಲು ನೆಟ್ಟಗಾಗದೇ ಇರೋದಕ್ಕ ಮೆನಿಸ್ಕಸ್ ಅಡ್ಡ ಬಂದದೇನು ಅಂತ ಡಾಕ್ಟರ ಹತ್ರ ಒಮ್ಮೆ ಕೇಳ್ರಿ. ಹಂಗಿದ್ರ ತಡ ಮಾಡೋ ಹಂಗಿಲ್ಲ.

ಶಿರಸಿ ತೋಟಿಗ
ಉಳುಕು ತೆಗೆಸೋದನ್ನ ಎಲ್ಲರೂ ಒಂದೇ ಏಟಿಗೆ ತಳ್ಳಿಹಾಕ್ತೀರಿ. ನಮ್ಮಲ್ಲಿ ಅಡಿಕೆ ತೋಟದಲ್ಲಿ ಮಳೆಗಾಲ ಅಂದ್ರೆ ಕಾಲು ಜಾರದ ಮನುಷ್ಯ ಇಲ್ಲ. ಕಣಕಾಲು ಉಳುಕಿದ್ರೆ ಲಕ್ಕಿ ಸೊಪ್ಪು ಬಿಸಿನೀರಿಗೆ ಹಾಕಿ ಶಾಖ, ಸುಣ್ಣ ಬೆಲ್ಲ ಕಲಸಿ ಪಟ್ಟು. ನಮ್ಮ ಅಜ್ಜಿ ಕಾಲದಿಂದ ನಡೆದುಕೊಂಡು ಬಂದಿದ್ದು, ಎಷ್ಟೋ ಜನ ಎದ್ದು ಓಡಾಡಿದ್ದಾರೆ.

ಹುಬ್ಬಳ್ಳಿ ಫಿಸಿಯೋ
ತೋಟದವ್ರ, ಪಟ್ಟು ಹಾಕೋದಕ್ಕ ನನ್ನ ತಕರಾರು ಇಲ್ರಿ. ಸುಣ್ಣ ಹೆಚ್ಚಾದ್ರ ಚರ್ಮ ಸುಡ್ತದ, ಅಷ್ಟ ಜ್ವಾಕಿ. ಕಣಕಾಲಿನ ಸಣ್ಣ ಉಳುಕು ಏನೂ ಮಾಡದಿದ್ರೂ ಕೆಲವು ವಾರದಾಗ ಬಾಳ ಮಟ್ಟಿಗೆ ಕಡಿಮಿ ಆಗ್ತದ, ಹೆಸರು ಮಾತ್ರ ಆ ಪಟ್ಟು ಹಾಕಿದ್ದಕ್ಕ ಬರ್ತದ. ತಕರಾರು ಇರೋದು ಊದಿದ ಕೀಲನ್ನ ಎಳೆದು ತಿರುವಿ 'ಕೂಡಿಸೋದಕ್ಕ'. ಅರ್ಧ ಹರಿದ ಲಿಗಮೆಂಟ್ ಪೂರ್ತಿ ಹರೀಬಹುದು, ಸೀಳು ಬಿಟ್ಟ ಎಲುಬು ಸರೀಬಹುದು.

ಕೋಲಾರದ ಚಿನ್ನ
ಪುತ್ತೂರು ಕಟ್ಟು ಹಾಕೋ ನಾಟಿ ವೈದ್ಯರ ಹತ್ರ ಹೋಗಿ ಸರ್. ನಮ್ಮ ಮಾವ ಕೈ ಮುರ್ಕೊಂಡಾಗ ಅಲ್ಲೇ ಕಟ್ಟಿಸಿದ್ದು, ಚೆನ್ನಾಗಿ ಕೂಡಿತು.

ಕಡಲತಡಿ
ನಮ್ಮ ಪುತ್ತೂರಾ? ಇಲ್ಲಿ ಹಾಗೆ ಕಟ್ಟುವವರು ನನಗೆ ಗೊತ್ತಿಲ್ಲ ಮಾರಾಯ್ರೆ.

ಕೋಲಾರದ ಚಿನ್ನ
ಅಲ್ಲ ಅಲ್ಲ, ಆಂಧ್ರದ ಪುತ್ತೂರು, ತಿರುಪತಿ ಹತ್ತಿರ. ಅದೇ ಹೆಸರಲ್ಲಿ ಬೆಂಗಳೂರಲ್ಲೂ ಬೇಕಾದಷ್ಟು ಕಡೆ ಬೋರ್ಡ್ ಇದೆ.

ಮೈಸೂರು ಮೇಷ್ಟ್ರು
ಮುರಿದ ಮೂಳೆಗೂ ಹರಿದ ಲಿಗಮೆಂಟಿಗೂ ಹೋಲಿಕೆ ಮಾಡಬೇಡಿ. ಮೂಳೆ ಅಲುಗಾಡದಂತೆ ಕಟ್ಟಿದರೆ ಕೂಡುವ ಗುಣ ಮೂಳೆಗಿದೆ. ಕೀಲಿನ ಒಳಗೆ ಹರಿದಿರುವ ಎಸಿಎಲ್ಲಿಗೆ ಹೊರಗಿನಿಂದ ಬಿದಿರು ದಬ್ಬೆ ಕಟ್ಟಿ ಏನು ಪ್ರಯೋಜನ? ಮೇಲಾಗಿ ವಾರಗಟ್ಟಲೆ ಮಂಡಿ ಕಟ್ಟಿಟ್ಟರೆ ತೊಡೆ ಸೊರಗಿ ಹೋಗುತ್ತದೆ.

ಹೆಜ್ಜೆ ಗೆಜ್ಜೆ
ಯಕ್ಷಗಾನದವರ ಮಂಡಿ ಬಗ್ಗೆ ಯಾರೂ ಹೇಳ್ಲಿಲ್ಲ. ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಸುತ್ತುವುದುಂಟು, ತೆಂಕುತಿಟ್ಟಿನಲ್ಲಿ ದಿಗಿಣ. ಗಾಳಿಯಲ್ಲಿ ಮೈ ತಿರುಗಿಸಿ ಹಲಗೆಯ ಮೇಲೆ ಇಳಿಯುವಾಗ ಒಂದು ಕಾಲು ಮೊದಲು ತಾಗಿದರೆ ಮಂಡಿಯೇ ಹೋಗುವುದು. ತಿರುಗಾಟ ಶುರುವಾದರೆ ದಿನಾ ರಾತ್ರಿ ಆಟ, ರಜೆ ಎಲ್ಲಿಂದ? ಊತ ಬಂದರೆ ಬಿಗಿಯಾಗಿ ಬಟ್ಟೆ ಸುತ್ತಿ, ಅದರ ಮೇಲೆ ಗೆಜ್ಜೆ ಕಟ್ಟಿ ಕುಣಿಯುತ್ತಾರೆ. ನಲವತ್ತು ದಾಟುವಾಗ ಚಕ್ಕಳಬಕ್ಕಳ ಹಾಕಿ ಕೂತುಕೊಳ್ಳಲಿಕ್ಕೂ ಆಗದ ಕಲಾವಿದರನ್ನು ನಾನೇ ಬಣ್ಣ ಹಚ್ಚುವ ಚೌಕಿಯಲ್ಲಿ ನೋಡಿದ್ದೇನೆ. ಮೇಳಗಳೊಂದಿಗೆ ಒಬ್ಬ ಫಿಸಿಯೋ ಇದ್ದರೆ ಎಷ್ಟು ಒಳ್ಳೆಯದಿತ್ತು.

ಕಡಲತಡಿ
ನೂರಕ್ಕೆ ನೂರು ಸರಿ. ಕಂಬಳ ಓಟಗಾರರದ್ದೂ ಇದೇ ಕಥೆ, ಕೆಸರಿನಲ್ಲಿ ಕಾಲು ಹೂತರೆ ಮುಗೀತು.

ಲುಂಡ್ ಕನ್ನಡಿಗ
ನಾನಿರೋದು ಸ್ವೀಡನ್‌ನ ಲುಂಡ್‌ನಲ್ಲಿ. ಇಲ್ಲಿ ಎಸಿಎಲ್ ಅಂದ ತಕ್ಷಣ ಆಪರೇಷನ್ ಟೇಬಲ್ ಹತ್ತಿಸಲ್ಲ. ಈ ಭಾಗದಲ್ಲೇ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟ ಆಯ್ತು. ಎಸಿಎಲ್ ಹರಿದ 121 ಯುವಕ ಯುವತಿಯರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಬೇಗನೆ ಆಪರೇಷನ್ ಜೊತೆಗೆ ವ್ಯಾಯಾಮ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೇಬೇಕು ಅನ್ನಿಸಿದ್ರೆ ಆಮೇಲೆ ಆಪರೇಷನ್. 2 ವರ್ಷ ಆದಮೇಲೆ ನೋವು, ಓಡಾಟ, ಆಟ ಎಲ್ಲ ಕೇಳಿ ಅಂಕ ಹಾಕಿದಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಎರಡನೇ ಗುಂಪಿನ 59 ಜನರಲ್ಲಿ ಅಷ್ಟರೊಳಗೆ ಆಪರೇಷನ್ ಬೇಕಾಗಿದ್ದು 23 ಜನಕ್ಕೆ ಮಾತ್ರ. ಹಾಗಾಗಿ 'ಮೊದಲು ಫಿಸಿಯೋ' ಅಂದ ಡಾಕ್ಟರನ್ನ ಹಗುರವಾಗಿ ತಗೋಬೇಡಿ.

ಮದ್ದೂರು ಹೈದ
ಅಣ್ಣ, ಆ 121 ಜನ ಕಬಡ್ಡಿ ಆಡ್ತಿದ್ರಾ? ದಿನಾ ಆಫೀಸಿಗೆ ಸೈಕಲ್ ತುಳ್ಕಂಡು ಹೋಗೋರ್ಗೂ, ನಾಲ್ಕು ಜನ ಕಾಲಿಗೆ ಬಿದ್ದು ಎಳೀತಿರುವಾಗ ಗೆರೆ ಮುಟ್ಟೋ ಹುಡ್ಗಿಗೂ ಒಂದೇ ಲೆಕ್ಕನಾ?

ಲುಂಡ್ ಕನ್ನಡಿಗ
ಆಟ ಆಡೋರೇ ಜಾಸ್ತಿ ಇದ್ರು, ಆದ್ರೆ ವೃತ್ತಿಪರ ಆಟಗಾರರನ್ನ ಸೇರಿಸಿರಲಿಲ್ಲ ಅನ್ನೋದು ನಿಜ. ನಿಮ್ಮ ಮಾತು ಒಪ್ತೀನಿ. ನಾನು ಹೇಳಿದ್ದು ಅವಸರ ಬೇಡ ಅಂತ ಅಷ್ಟೇ, ಆಪರೇಷನ್ನೇ ಬೇಡ ಅಂತಲ್ಲ.

ಹುಬ್ಬಳ್ಳಿ ಫಿಸಿಯೋ
ಇಬ್ರೂ ಹೇಳೋದು ಖರೇ ಅದ. ನೆಟ್ಟಗ ಓಡೋದು, ಸೈಕಲ್ಲು, ಈಜು, ಹೊಲದ ಕೆಲಸ ಅಂದ್ರ ಎಷ್ಟೋ ಮಂದಿ ಆಪರೇಷನ್ ಇಲ್ಲದ ನಡಸ್ತಾರ. ಗಕ್ಕನ ನಿಂತು ತಿರುಗೋ ಆಟ ಇದ್ರ, ಜೊತಿಗೆ ಮೊಳಕಾಲು ಜಾರತಿದ್ರ, ಮೆನಿಸ್ಕಸ್ಸೂ ಸೀಳಿದ್ರ, ಆಪರೇಷನ್ ಕಡೆ ತಕ್ಕಡಿ ವಾಲ್ತದ. ಈ ಹುಡುಗಿಗೆ ಮೂರೂ ಅದಾವ. ಕಡೀಕ ಹೇಳೋದು ಆಕೀನ ಮುಟ್ಟಿ ನೋಡಿದ ಡಾಕ್ಟರೇ.

ಕ್ರಿಕೆಟ್ ಹುಚ್ಚ
ಹಾರ್ದಿಕ್ ಪಾಂಡ್ಯಗೂ 2023ರ ವಿಶ್ವಕಪ್‌ನಲ್ಲಿ ಲಿಗಮೆಂಟೇ ಹೋಗಿದ್ದು. ಪುಣೆಯಲ್ಲಿ ಬಾಂಗ್ಲಾ ವಿರುದ್ಧ ಚೆಂಡನ್ನ ಕಾಲಲ್ಲಿ ತಡೆಯೋಕೆ ಹೋಗಿ. ಆ ಜಾಗಕ್ಕೆ ನಮ್ಮ ಪ್ರಸಿದ್ಧ್ ಕೃಷ್ಣ ಬಂದ್ರು. ಅದೇ ವರ್ಷ ಕೆ.ಎಲ್. ರಾಹುಲ್ ಐಪಿಎಲ್‌ನಲ್ಲಿ ಬಿದ್ದಿದ್ದೂ ಲಿಗಮೆಂಟೇ ಅಲ್ವಾ?

ಮೈಸೂರು ಮೇಷ್ಟ್ರು
ಹಾರ್ದಿಕ್‌ದು ಎಡಗಾಲಿನ ಕಣಕಾಲು, ಸರಿ. ರಾಹುಲ್‌ದು ತೊಡೆ, ಅದು ಟೆಂಡನ್. ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವುದು ಲಿಗಮೆಂಟ್. ಪತ್ರಿಕೆಯವರೂ ಇದನ್ನು ಬೆರೆಸಿಬಿಡುತ್ತಾರೆ.

ಕ್ರಿಕೆಟ್ ಹುಚ್ಚ
ಓಕೆ ಮೇಷ್ಟ್ರೇ. ರಿಷಭ್ ಪಂತ್‌ದಂತೂ ಮಂಡಿ ಲಿಗಮೆಂಟೇ. 2022ರ ಡಿಸೆಂಬರ್ 30ಕ್ಕೆ ಕಾರ್ ಆಕ್ಸಿಡೆಂಟ್, ಮುಂಬೈಯಲ್ಲಿ ಆಪರೇಷನ್, ಆಮೇಲೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ತಯಾರಿ, ಮತ್ತೆ ಬ್ಯಾಟ್ ಹಿಡಿದಿದ್ದು 2024ರ ಮಾರ್ಚ್ ಐಪಿಎಲ್‌ನಲ್ಲಿ. ದುಡ್ಡು, ಡಾಕ್ಟರು, ಫಿಸಿಯೋ ಎಲ್ಲಾ ಕೈಗೆಟುಕೋ ಹಾಗಿರೋ ಮನುಷ್ಯನಿಗೇ ಒಂದು ವರ್ಷದ ಮೇಲೆ ಬೇಕಾಯ್ತು. ನಿಮ್ಮ ಮಗಳಿಗೆ ಇದನ್ನ ಹೇಳಿ ಸರ್.

ಗಡಿನಾಡು ಗೆಳತಿ
ಕ್ರಿಕೆಟ್ ಬಿಡಿ, ಕುಸ್ತಿಪಟು ವಿನೇಶ್ ಫೋಗಟ್ ಕಥೆ ಹೇಳಿ ಆ ಹುಡುಗಿಗೆ. 2023ರ ಆಗಸ್ಟ್‌ನಲ್ಲಿ ಮಂಡಿ ಆಪರೇಷನ್, ಮರುವರ್ಷ ಆಗಸ್ಟ್‌ಗೆ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ತನಕ ಹೋದರು. ತೂಕ ಹೆಚ್ಚಾಗಿ ಅನರ್ಹ ಆಗಿದ್ದು ಬೇರೆ ವಿಷಯ. ಮಂಡಿ ಹೋದರೆ ಆಟ ಮುಗೀತು ಅಂತ ಊರವರು ಹೇಳೋ ಮಾತು ಅವಳ ಕಿವಿಗೆ ಬೀಳಬಾರದು.

ಪಾದಚಾರಿ ಬೆಂಗಳೂರು
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಿನ್ನೆ ಫುಟ್‌ಪಾತ್ ಚಪ್ಪಡಿ ಅಲ್ಲಾಡಿ ನನ್ನ ಕಣಕಾಲು ಒಳಗಡೆಗೆ ಮಡಚ್ಕೊಂತು. ಹೊರಬದಿ ಊದಿದೆ, ನೀಲಿ ಕಟ್ಟಿದೆ. ಎಕ್ಸ್‌ರೇ ಬೇಕಾ?

ಹುಬ್ಬಳ್ಳಿ ಫಿಸಿಯೋ
ಕೆನಡಾದ ಒಟ್ಟಾವಾ ನಗರದಾಗ 1992ರಾಗ ಡಾಕ್ಟರಗಳು ಒಂದು ನಿಯಮ ಮಾಡ್ಯಾರ, ಇವತ್ತಿಗೂ ಎಲ್ಲಾ ಕಡೆ ಅದನ್ನ ನೋಡ್ತೀವಿ. ಕಣಕಾಲಿನ ಎರಡೂ ಬದಿ ಗುಂಡಗ ಎದ್ದಿರೋ ಎಲುಬು ಅದಲ್ಲ, ಅದರ ತುದಿ, ಹಿಂದಿನ ಅಂಚು, ಅಲ್ಲಿಂದ ಮ್ಯಾಲೆ 6 ಸೆಂಟಿಮೀಟರ್ ತನಕ ಬೆರಳಿಲೆ ಒತ್ರಿ. ಪಾದದ ಹೊರ ಅಂಚಿನ ನಡುವ ಒಂದು ಉಬ್ಬಿದ ಎಲುಬು ಸಿಗ್ತದ, ಅದನ್ನೂ ಒತ್ರಿ. ಪಾದದ ಒಳಬದಿ, ಕಣಕಾಲಿನ ಸ್ವಲ್ಪ ಮುಂದಿನ ಎಲುಬನ್ನೂ. ಇವುಗಳಾಗ ಎಲ್ಲ್ಯಾರ ಎಲುಬಿನ ಮ್ಯಾಲೇ ಜೋರ ನೋವು ಇದ್ರ ಎಕ್ಸ್‌ರೇ ತಗೋರಿ. ಬಿದ್ದ ಕೂಡ್ಲೇನೂ ಈಗ್ಲೂ ನಾಕ ಹೆಜ್ಜಿ ಇಡ್ಲಿಕ್ಕೆ ಆಗಿಲ್ಲಂದ್ರೂ ತಗೋರಿ. ಬೆರಳಿಗೆ ಜೋಮು ಹಿಡಿದಿದ್ರ, ಪಾದ ತಣ್ಣಗಾಗಿದ್ರ ತಡ ಮಾಡ್ಬ್ಯಾಡ್ರಿ, ಇವತ್ತ ಹೋಗ್ರಿ.

ಪಾದಚಾರಿ ಬೆಂಗಳೂರು
ಒತ್ತಿ ನೋಡಿದೆ. ಮೂಳೆ ಮೇಲೆ ನೋವಿಲ್ಲ, ಮೂಳೆಯ ಮುಂದೆ ತಗ್ಗಲ್ಲಿ ಮಾತ್ರ ಇದೆ. ನಡೆಯೋಕೆ ಆಗ್ತಿದೆ. ಐಸ್ ಇಡ್ಲಾ, ಬಿಸಿ ಶಾಖ ಕೊಡ್ಲಾ?

ಶಿರಸಿ ತೋಟಿಗ
ಶಾಖ.

ಮೈಸೂರು ಮೇಷ್ಟ್ರು
ಐಸ್. ಮೊದಲ ಎರಡು ಮೂರು ದಿನ ಬಿಸಿ ಶಾಖವೂ ಬೇಡ, ಮಾಲೀಷೂ ಬೇಡ.

ಲುಂಡ್ ಕನ್ನಡಿಗ
ಐಸ್ ಬಗ್ಗೆಯೂ ಈಗ ಮಾತು ಬದಲಾಗಿದೆ ಮೇಷ್ಟ್ರೇ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರ, ಈ ಸೂತ್ರವನ್ನ 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಅವರೇ ಆಮೇಲೆ, ಐಸು ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯೋದನ್ನ ನಿಧಾನ ಮಾಡಬಹುದು ಅಂತ ಬರೆದರು.

ಹುಬ್ಬಳ್ಳಿ ಫಿಸಿಯೋ
ನೋವಿಗೆ ಐಸ್ ಇಡ್ರಿ, ಬಟ್ಟಿ ಸುತ್ತಿ 10–15 ನಿಮಿಷ. ಗಾಯ ಮಾಯ್ತದ ಅಂತ ಇಡೋದಲ್ಲ. ಕ್ರೇಪ್ ಬ್ಯಾಂಡೇಜ್ ಬೆರಳ ಕಡೆಯಿಂದ ಮ್ಯಾಲೆ ಸುತ್ತಿಕೋತ ಬರ್ರಿ, ಕೂತಾಗ ಕಾಲು ಎತ್ತರ ಇಡ್ರಿ. ಆದ್ರ ಕಣಕಾಲಿನ ವಿಷಯದಾಗ ಮಂದಿ ಕೈಬಿಡೋದು ಬ್ಯಾರೇನ ಅದ. ನೋವು ಹೋದಮ್ಯಾಲೆ ಒಂಟಿಗಾಲಿನ ಮ್ಯಾಲೆ ನಿಂದ್ರೋ ಅಭ್ಯಾಸ ಯಾರೂ ಮಾಡೂದಿಲ್ಲ. ಲಿಗಮೆಂಟ್ ಬರೇ ಹುರಿ ಅಲ್ಲ, ಪಾದ ಎತ್ತ ವಾಲೇದ ಅಂತ ಮೆದುಳಿಗೆ ಸುದ್ದಿ ಕೊಡೋ ನರಗಳೂ ಅದರಾಗ ಇರ್ತಾವ. ಆ ಸುದ್ದಿ ತಡ ಆದ್ರ ಅದೇ ಕಾಲು ಮತ್ತ ಮತ್ತ ಉಳುಕ್ತದ. ಹಲ್ಲುಜ್ಜುವಾಗ ಒಂದ ಕಾಲಿನ ಮ್ಯಾಲೆ ನಿಂದ್ರ್ರಿ. ರೂಢಿ ಆದಮ್ಯಾಲೆ ದಿಂಬಿನ ಮ್ಯಾಲೆ, ಆಮ್ಯಾಲೆ ಕಣ್ಣು ಮುಚ್ಚಿ.

ಪಾದಚಾರಿ ಬೆಂಗಳೂರು
ಉಪಕಾರ ಆಯ್ತು ಸರ್. ಆ ಚಪ್ಪಡಿ ಫೋಟೋ ತೆಗೆದು ದೂರು ಕೊಟ್ಟಿದ್ದೀನಿ.

ನಿರ್ವಾಹಕ
ಕಣಕಾಲಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ಇಲ್ಲಿ ಮೂಲ ಪ್ರಶ್ನೆ ಮಂಡಿಯದ್ದು.

ಖೋಖೋ ಅಕ್ಕ
ನಂಗೂ ಎಸಿಎಲ್ ಆಪರೇಷನ್ ಆಗಿದೆ, ಡಿಗ್ರಿ ಓದುವಾಗ. ಡಾಕ್ಟರುಗಳು ಹೇಳದೇ ಬಿಡೋ ವಿಷಯ ಹೇಳ್ತೀನಿ ಅಂಕಲ್. ಮಗಳು ಹಾಸ್ಟೆಲಲ್ಲಿದ್ರೆ ಟಾಯ್ಲೆಟ್ ಯಾವ ಥರದ್ದು ಅಂತ ಮೊದಲು ನೋಡಿ. ತಿಂಗಳುಗಟ್ಟಲೆ ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ನನ್ನ ಹಾಸ್ಟೆಲಲ್ಲಿ ಎಲ್ಲಾ ನೆಲದ ಮೇಲಿಂದೇ. ಮನೆಯವರು ಮಧ್ಯೆ ತೂತಿರೋ ಪ್ಲಾಸ್ಟಿಕ್ ಕಮೋಡ್ ಕುರ್ಚಿ ತಂದುಕೊಟ್ರು, ಮೆಡಿಕಲ್ ಸಾಮಾನಿನ ಅಂಗಡೀಲಿ ಸಿಗುತ್ತೆ. ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಲ್ಲ ಅಂತ ನೀರೇ ಕಡಿಮೆ ಮಾಡಿಬಿಡ್ತಾರೆ ಹುಡುಗೀರು, ಅದು ಇನ್ನೊಂದು ತೊಂದರೆ.

ಮತ್ತೆ ತೊಡೆ. ಆಪರೇಷನ್ ಆದ ಕಾಲಿನ ತೊಡೆ ಎಷ್ಟು ಸಣ್ಣ ಆಗುತ್ತೆ ಅಂದ್ರೆ ಚೂಡಿದಾರದ ಒಂದು ಕಾಲು ಜೋತಾಡುತ್ತೆ. ಅದನ್ನ ನೋಡಿ ಅಳ್ತಾಳೆ, ಪಕ್ಕದಲ್ಲಿರಿ. ವ್ಯಾಯಾಮ ಬಿಡದೆ ಮಾಡಿದ್ರೆ ತುಂಬ್ಕೊಂಡು ಬರುತ್ತೆ.

ಕಲ್ಪತರು ನಾಡಿನವ
ಇದನ್ನ ಯಾರೂ ಹೇಳಿರಲಿಲ್ಲಮ್ಮ. ಮಗಳಿಗೆ ಓದಿ ಹೇಳಿದೆ. ಮತ್ತೆ ಆಟಕ್ಕೆ ಯಾವಾಗ ಇಳಿದ್ರಿ ಅಂತ ಕೇಳ್ತಿದ್ದಾಳೆ.

ಖೋಖೋ ಅಕ್ಕ
ತಿಂಗಳು ಎಣಿಸಬೇಡ ಪುಟ್ಟಿ. ಒಂಟಿಗಾಲಲ್ಲಿ ಕುಪ್ಪಳಿಸೋ ಪರೀಕ್ಷೆ ಮಾಡಿಸ್ತಾರೆ, ಒಳ್ಳೆ ಕಾಲು ಎಷ್ಟು ದೂರ ಹಾರುತ್ತೋ ಅದರ ನೂರಕ್ಕೆ 90 ಭಾಗವಾದ್ರೂ ಈ ಕಾಲು ಹಾರ್ಬೇಕು. ನಾನು ಮೊದಲ ಸಲ ಹೋದಾಗ ಫಿಸಿಯೋ ಮೇಡಂ ಒಪ್ಪಲಿಲ್ಲ. ಎರಡನೇ ಸಲ ಒಪ್ಪಿದ್ರು.

ಹುಬ್ಬಳ್ಳಿ ಫಿಸಿಯೋ
ಇದಕ್ಕ ಒಂದು ಸೇರಿಸ್ತೀನಿ. ಆಪರೇಷನ್ ಆಗಿ 9 ತಿಂಗಳಿಗಿಂತ ಮೊದಲ ತಿರುಗೋ ಆಟಕ್ಕ ಇಳೀಬಾರದು. ನಾರ್ವೆದಾಗ 2016ರ ಒಂದು ಅಧ್ಯಯನದಾಗ 9 ತಿಂಗಳ ತನಕ ಒಂದೊಂದು ತಿಂಗಳು ತಡ ಮಾಡಿದಂಗ ಮತ್ತ ಪೆಟ್ಟಾಗೋದು ಹತ್ತಿರಹತ್ತಿರ ಅರ್ಧಕ್ಕ ಇಳೀತಿತ್ತು. 25 ವರ್ಷದೊಳಗಿನ ಮಂದಿ ಮತ್ತ ಇಂಥಾ ಆಟಕ್ಕ ಹೋದ್ರ ನಾಕರಾಗ ಸುಮಾರು ಒಬ್ಬರಿಗೆ ಅದೇ ಕಾಲಿಗೋ ಇನ್ನೊಂದು ಕಾಲಿಗೋ ಎಸಿಎಲ್ ಮತ್ತ ಹರೀತದ. ಹೆದರಸ್ಲಿಕ್ಕೆ ಹೇಳ್ತಿಲ್ಲ, ಕೋಚ್ ಅವಸರ ಮಾಡಿದ್ರ ನೀವು ಗಟ್ಟಿ ನಿಂದ್ರಬೇಕು ಅಂತ ಹೇಳ್ತೀನಿ.

ದೈಹಿಕ ಶಿಕ್ಷಕ ಹಾವೇರಿ
ಕೋಚ್‌ಗಳನ್ನ ಬೈಯೋದು ಸುಲಭ ಐತ್ರಿ. ನಮಗ ಒಂದು ಐಸ್ ಬಾಕ್ಸೂ ಕೊಡೂದಿಲ್ಲ. ಇಡೀ ತಾಲ್ಲೂಕು ಕ್ರೀಡಾಕೂಟಕ್ಕ ಒಂದು ಸ್ಪ್ರೇ ಡಬ್ಬಿ. ಮಕ್ಕಳು ಶಾಲ್ಯಾಗ ಮಣ್ಣಿನ ಮ್ಯಾಲೆ ಆಡಿ ಕಲೀತಾರ, ಜಿಲ್ಲಾಕ್ಕ ಹೋದ್ರ ಮ್ಯಾಟು. ಮಣ್ಣಾಗ ಪಾದ ಜಾರತೈತಿ, ಮ್ಯಾಟ್‌ನಾಗ ಹಿಡಿತೈತಿ. ಒಂದು ದಿನಾನೂ ಅಭ್ಯಾಸ ಇಲ್ಲದ ಇಳಿಸಿದ್ರ ಮೊಳಕಾಲು ತಿರುಚದೇ ಏನಾಗ್ತೈತಿ?

ಮದ್ದೂರು ಹೈದ
ಹಾವೇರಿ ಮೇಷ್ಟ್ರು ಮಾತು ಸತ್ಯ. ಆದ್ರೂ 'ಟಕ್' ಅಂದ ಮಗೀನ ಮತ್ತೆ ಇಳಿಸ್ಬಾರ್ದು ಅನ್ನೋಕೆ ಐಸ್ ಬಾಕ್ಸ್ ಬೇಕಾಗಿಲ್ಲ.

ದೈಹಿಕ ಶಿಕ್ಷಕ ಹಾವೇರಿ
ಅದನ್ನ ಒಪ್ತೀನ್ರಿ.

ಗಡಿನಾಡು ಗೆಳತಿ
ಹೆಣ್ಣುಮಕ್ಕಳಿಗೆ ಎಸಿಎಲ್ ಹರಿಯೋದು ಹುಡುಗರಿಗಿಂತ ಜಾಸ್ತಿ ಅಂತ ಓದಿದ್ದೆ, ಹೌದಾ?

ಹುಬ್ಬಳ್ಳಿ ಫಿಸಿಯೋ
ಹೌದ್ರಿ, ಅದೇ ಆಟ ಆಡಿದ್ರೂ ಹಲವು ಪಟ್ಟು ಹೆಚ್ಚು. ಜಿಗಿದು ಇಳಿಯುವಾಗ ಮೊಳಕಾಲು ಒಳಗ ವಾಲೋದು ಒಂದು ಕಾರಣ, ತೊಡಿ ಹಿಂದಿನ ಸ್ನಾಯು ಸೋತಿರೋದು ಇನ್ನೊಂದು. ಇಳಿಯೋದನ್ನ ಕಲಿಸಬಹುದು. ಫುಟ್‌ಬಾಲಿನವರು 'ಫಿಫಾ 11 ಪ್ಲಸ್' ಅಂತ 20 ನಿಮಿಷದ ವಾರ್ಮ್ ಅಪ್ ಮಾಡ್ಯಾರ, ಸಾಮಾನು ಏನೂ ಬೇಕಾಗಿಲ್ಲ. ನಾರ್ವೆದ ಹುಡುಗಿಯರ ಮ್ಯಾಲೆ ಪರೀಕ್ಷಿಸಿ 2008ರಾಗ ಬರೆದ್ರು, ಒಟ್ಟು ಗಾಯ ಮೂರನೇ ಒಂದು ಭಾಗದಷ್ಟು ಇಳಿದಿದ್ದವು. ಹಾವೇರಿ ಸರ್, ನಿಮ್ಮ ಶಾಲ್ಯಾಗ ಶುರು ಮಾಡ್ರಿ, ಚಿತ್ರ ನಾ ಕಳಸ್ತೀನಿ.

ದೈಹಿಕ ಶಿಕ್ಷಕ ಹಾವೇರಿ
ಕಳಸ್ರಿ. ಸೋಮವಾರದಿಂದ ಪ್ರಾರ್ಥನಾ ಮುಗಿದ ಕೂಡ್ಲೇ ಮಾಡಸ್ತೀನಿ.

ಕಲ್ಪತರು ನಾಡಿನವ
ಇವತ್ತು ಮತ್ತೆ ಡಾಕ್ಟರ ಹತ್ತಿರ ಹೋಗಿದ್ವಿ. ಮಲಗಿಸಿ, ಮಂಡಿ ಸ್ವಲ್ಪ ಮಡಚಿ, ಕೆಳಗಿನ ಮೂಳೆಯನ್ನ ಮುಂದಕ್ಕೆ ಎಳೆದು ತೋರಿಸಿದ್ರು, ನಮ್ಮ ಕಣ್ಣಿಗೇ ಕಾಣೋ ಹಾಗೆ ಜಾರಿತು. ಮೆನಿಸ್ಕಸ್ ಅಡ್ಡ ಬಂದಿಲ್ಲ, ನೆಟ್ಟಗಾಗದೇ ಇರೋದು ಸ್ನಾಯು ಬಿಗಿದು ಅಂದ್ರು. ಕೆಲವು ವಾರ ಫಿಸಿಯೋ, ಕಾಲು ಪೂರ್ತಿ ನೆಟ್ಟಗಾದ ಮೇಲೆ ಆಪರೇಷನ್. ತೊಡೆ ಹಿಂಭಾಗದ ಹುರಿ ತೆಗೆದು ಹರಿದ ಲಿಗಮೆಂಟ್ ಜಾಗಕ್ಕೆ ಕೂರಿಸ್ತಾರಂತೆ, ಸೀಳು ಹೊಲೆಯೋಕೆ ಆಗುತ್ತಾ ಅಂತ ಆಗಲೇ ನೋಡ್ತಾರಂತೆ. ಆಯ್ಕೆಗೆ ಹೋಗಲ್ಲ ಅಂತ ಮಗಳೇ ಹೇಳಿದ್ಲು. ಖರ್ಚಿಂದೇ ಈಗ ಯೋಚನೆ, ನಮ್ಮದು ಬಿಪಿಎಲ್ ಕಾರ್ಡ್.

ಮೈಸೂರು ಮೇಷ್ಟ್ರು
ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಣಿಯಾದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್, ಎಂಆರ್‌ಐ ವರದಿ ಹಿಡಿದು ಮೊದಲು ಅವರನ್ನು ಕೇಳಿ. ದುಡ್ಡು ಕಟ್ಟಿದ ಮೇಲೆ ಕೇಳಲು ಹೋಗಬೇಡಿ. ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆ ಮೂಳೆಗೆಂದೇ ಇರುವ ಸರ್ಕಾರಿ ಸಂಸ್ಥೆ, ಅಲ್ಲೂ ಒಮ್ಮೆ ವಿಚಾರಿಸಿ.

ಖೋಖೋ ಅಕ್ಕ
ಎಂಆರ್‌ಐ ಸಿಡಿ ಯಾರ ಕೈಗೂ ಬಿಟ್ಟು ಬರಬೇಡಿ ಅಂಕಲ್. ಬರೀ ರಿಪೋರ್ಟ್ ಅಲ್ಲ, ಚಿತ್ರಾನೂ ಕೇಳ್ತಾರೆ. ಲಿಗಮೆಂಟ್ ಕೂರಿಸೋ ಸ್ಕ್ರೂ ಯಾವುದು, ಫಿಸಿಯೋ ಪ್ಯಾಕೇಜಿನಲ್ಲಿ ಸೇರಿದೆಯಾ, ಬ್ರೇಸ್ ಬೇರೆ ತಗೋಬೇಕಾ ಅಂತ ಮೊದಲೇ ಬರೆಸ್ಕೊಳ್ಳಿ.

ಚಿಕ್ಕಮಗಳೂರು ರೈಡ್
ಒಳ್ಳೆ ಚರ್ಚೆ. ನಂದೊಂದು ಪ್ರಶ್ನೆ: ಬೈಕಿಂದ ಬಿದ್ದಾಗ ಹೆಬ್ಬೆರಳು ಹಿಂದಕ್ಕೆ ಮಡಚಿತ್ತು. ಎಕ್ಸ್‌ರೇ ನಾರ್ಮಲ್. ಆದ್ರೆ ಬೀಗ ತಿರುಗ್ಸೋಕೆ, ಬಾಟಲ್ ಮುಚ್ಚಳ ತೆಗೆಯೋಕೆ ಬಲವೇ ಇಲ್ಲ. ಇದೂ ಲಿಗಮೆಂಟಾ?

ಹುಬ್ಬಳ್ಳಿ ಫಿಸಿಯೋ
ಇರಬಹುದ್ರಿ. ಹೆಬ್ಬೆರಳಿನ ಬುಡದಾಗ ತೋರುಬೆರಳಿನ ಕಡೆ ಒಂದು ಲಿಗಮೆಂಟ್ ಅದ, ಎಕ್ಸ್‌ರೇದಾಗ ಕಾಣೂದಿಲ್ಲ. ಪೂರ್ತಿ ಹರಿದ್ರ ಅದರ ತುದಿ ಬ್ಯಾರೆ ಪದರದ ಮ್ಯಾಲೆ ಸಿಕ್ಕಿ ನಿಂತುಬಿಡಬಹುದು, ಹಂಗಾದ್ರ ತಾನ ಕೂಡೂದಿಲ್ಲ. ಕೈಯ ಸರ್ಜನ್ ಇದ್ರ ಅವರಿಗೆ, ಇಲ್ಲಾ ಎಲುಬಿನ ಡಾಕ್ಟರಿಗೆ ಈ ವಾರದಾಗ ತೋರಸ್ರಿ. ಅಲ್ಲೀತನಕ ಹೆಬ್ಬೆರಳು ಅಲುಗದಂಗ ಸ್ಪ್ಲಿಂಟ್ ಹಾಕ್ಕೊಂಡಿರ್ರಿ, ಯಾರಿಗೂ ಎಳೀಲಿಕ್ಕೆ ಕೊಡಬ್ಯಾಡ್ರಿ.